ಮುಚ್ಚಿದ ಗ್ರಾಫಿಕ್ಸ್ ಡ್ರೈವರ್‌ನ ಸಂಚಾರವನ್ನು ದಾಖಲಿಸಿದ ಬಗೆ

ಸೋರ್ಸ್ ಕೋಡ್ ಸಿಗದ ಗ್ರಾಫಿಕ್ಸ್ ಡ್ರೈವರ್ ಒಂದಕ್ಕೆ ಬದಲಾಗಿ ಮುಕ್ತ ಡ್ರೈವರ್ ಬರೆಯಲು ಹೊರಟಾಗ, ಅದರ ಬೈನರಿಯನ್ನು ಬಿಡಿಸಿ ಓದುವ ದಾರಿಯನ್ನು ಬಿಟ್ಟು, ಅದು ಹಾರ್ಡ್‌ವೇರ್‌ಗೆ ಏನನ್ನು ಒಪ್ಪಿಸುತ್ತದೆ ಎಂಬುದನ್ನಷ್ಟೇ ದಾಖಲಿಸುವ ದಾರಿಯನ್ನು ನಾನು ಹಿಡಿದೆ. ಲಿನಕ್ಸ್‌ನಲ್ಲಿ ಇಂತಹ ಡ್ರೈವರ್‌ಗೆ ಎರಡು ಭಾಗಗಳು. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿರುವ ಭಾಗ ಚಿಕ್ಕದು, ಎಷ್ಟೋ ಬಾರಿ ಅದರ ಸೋರ್ಸ್ ಸಿಗುತ್ತದೆ. ಶೇಡರ್‌ಗಳನ್ನು (ಗ್ರಾಫಿಕ್ಸ್ ಚಿಪ್‌ನ ಮೇಲೆ ಓಡುವ ಕಿರು ಪ್ರೋಗ್ರಾಂಗಳನ್ನು) ಕಂಪೈಲ್ ಮಾಡಿ ಆದೇಶಗಳನ್ನು ಜೋಡಿಸುವ, ಕರ್ನಲ್‌ನ ಹೊರಗೆ ಓಡುವ ಯೂಸರ್‌ಸ್ಪೇಸ್ ಲೈಬ್ರರಿಯೇ ಮುಚ್ಚಿದ್ದು. ಇವೆರಡರ ನಡುವೆ ಹಾಯುವುದನ್ನೆಲ್ಲ ಹಿಡಿದರೆ ಹಾರ್ಡ್‌ವೇರ್‌ನ ಭಾಷೆ ತಾನಾಗಿ ಕೈಗೆ ಬರುತ್ತದೆ.

ಹಿಡಿಯುವ ಸಾಧನ ಸರಳವಾದದ್ದು. ಓಪನ್, ಕ್ಲೋಸ್, ಎಂಮ್ಯಾಪ್ (ಮೆಮೊರಿಯನ್ನು ಪ್ರೋಗ್ರಾಂನ ವಿಳಾಸಗಳಿಗೆ ಜೋಡಿಸುವುದು), ಐಓಸಿಟಿಎಲ್ (ಡ್ರೈವರ್‌ಗೆ ಆದೇಶ ಕಳಿಸುವುದು) ಎಂಬ ಕರೆಗಳಿಗೆ ಅದೇ ಹೆಸರಿನ ನನ್ನ ಫಂಕ್ಷನ್‌ಗಳನ್ನು ಬರೆದು, ಎಲ್‌ಡಿ ಪ್ರಿಲೋಡ್ (LD_PRELOAD) ಎಂಬ ಸೌಲಭ್ಯದ ಮೂಲಕ ಅವು ಮೊದಲು ಲೋಡ್ ಆಗುವಂತೆ ಮಾಡಿದೆ. ಪ್ರತಿಯೊಂದೂ ತನಗೆ ಬಂದದ್ದನ್ನು ಬರೆದಿಟ್ಟುಕೊಂಡು ಡಿಎಲ್‌ಸಿಮ್ ಹುಡುಕಿ ಕೊಟ್ಟ ಅಸಲಿ ಫಂಕ್ಷನ್ನನ್ನು ಕರೆಯುತ್ತದೆ. ಐಓಸಿಟಿಎಲ್‌ನ 32 ಬಿಟ್‌ಗಳ ಸಂಖ್ಯೆಯಲ್ಲಿಯೇ ಸಾಕಷ್ಟು ಮಾಹಿತಿ ಅಡಗಿರುತ್ತದೆ: ಸಾಮಾನ್ಯವಾಗಿ 2 ಬಿಟ್ ದತ್ತಾಂಶದ ದಿಕ್ಕಿಗೆ, 14 ಬಿಟ್ ಗಾತ್ರಕ್ಕೆ, 8 ಬಿಟ್ ಡ್ರೈವರ್‌ನ ಗುರುತಿಗೆ, ಉಳಿದ 8 ಬಿಟ್ ಆದೇಶದ ಕ್ರಮಾಂಕಕ್ಕೆ. ಹೀಗಾಗಿ ಅರ್ಥ ತಿಳಿಯದ ಕರೆಯಾದರೂ ಎಷ್ಟು ಬೈಟ್ ನಕಲಿಸಬೇಕೆಂಬುದು ಮೊದಲೇ ಗೊತ್ತಿರುತ್ತದೆ.

ಆದರೆ ಐಓಸಿಟಿಎಲ್ ಬರೀ ಲಕೋಟೆ. ಅದರೊಳಗೆ ಇರುವುದು ಒಂದೆರಡು ವಿಳಾಸಗಳು ಮಾತ್ರ. ನಿಜವಾದ ಆದೇಶಗಳು ಎಂಮ್ಯಾಪ್ ಆದ ಮೆಮೊರಿಯಲ್ಲಿ ಇರುತ್ತವೆ, ಅಲ್ಲಿಂದ ಇನ್ನೊಂದು ಬಫರ್‌ಗೆ (ಮೆಮೊರಿಯ ತುಂಡಿಗೆ), ಅಲ್ಲಿಂದ ಮತ್ತೊಂದಕ್ಕೆ ಪಾಯಿಂಟರ್‌ಗಳು ಹೋಗುತ್ತವೆ. ಆದ್ದರಿಂದ ಜಿಪಿಯು (ಗ್ರಾಫಿಕ್ಸ್ ಚಿಪ್) ವಿಳಾಸ, ಸಿಪಿಯು ವಿಳಾಸ, ಗಾತ್ರ ಈ ಮೂರನ್ನೂ ಪ್ರತಿ ಬಫರ್‌ಗೂ ಒಂದು ಪಟ್ಟಿಯಲ್ಲಿಟ್ಟು, ಕೆಲಸ ಒಪ್ಪಿಸುವ ಕರೆ ಬಂದ ಕೂಡಲೇ, ಅಸಲಿ ಕರೆಗೆ ದಾರಿ ಬಿಡುವ ಮೊದಲೇ, ಮ್ಯಾಪ್ ಆದ ಎಲ್ಲ ಬಫರ್‌ಗಳನ್ನೂ ಕಡತಕ್ಕೆ ಇಳಿಸುತ್ತೇನೆ. ಕರೆ ಮುಗಿದ ಮೇಲೆ ನಕಲಿಸಿದರೆ, ಜಿಪಿಯು ಅಷ್ಟರಲ್ಲಿ ಕೆಲವು ಪದಗಳ (32 ಬಿಟ್‌ಗಳ ಗುಂಪುಗಳ) ಮೇಲೆ ತನ್ನ ಸ್ಥಿತಿಯನ್ನು ಬರೆದಿರಬಹುದು. ಕ್ಯಾಶ್ ಆಗದ ಮೆಮೊರಿಯನ್ನು ಸಿಪಿಯು ಓದುವುದು ಬಹಳ ನಿಧಾನವಾದ್ದರಿಂದ ಪರೀಕ್ಷಾ ಪ್ರೋಗ್ರಾಂ ತೆವಳುತ್ತದೆ. ಒಂದೇ ಫ್ರೇಮ್ ಬಿಡಿಸಿ ನಿಲ್ಲುವ ಪ್ರೋಗ್ರಾಂಗೆ ಅದು ಲೆಕ್ಕಕ್ಕಿಲ್ಲ.

ದಾಖಲಿಸುವ ಭಾಗ ಏನನ್ನೂ ಅರ್ಥ ಮಾಡಿಕೊಳ್ಳಬಾರದು ಎಂಬುದು ಈ ಕೆಲಸದಲ್ಲಿ ನನ್ನ ಏಕೈಕ ಹಟ. ಅರ್ಥ ಬಿಡಿಸುವುದು ಬೇರೆಯೇ ಪ್ರೋಗ್ರಾಂನ ಪಾಲು. ಇಂದು ಒಂದು ಫೀಲ್ಡ್‌ನ ಅರ್ಥ ಹೊಳೆದರೆ ಹಳೆಯ ದಾಖಲೆಗಳನ್ನೆಲ್ಲ ಮತ್ತೆ ಓದಿಸಬಹುದು. ಹಿಡಿಯುವಾಗಲೇ ಜಾಣತನ ತೋರಿಸಿ ಬೇಡವೆಂದು ಬಿಟ್ಟ ಬೈಟ್‌ಗಳು ಮಾತ್ರ ಹಿಂದಿರುಗಿ ಬರುವುದಿಲ್ಲ.

ಅರ್ಥ ಹೊಳೆಯುವುದು ಹೋಲಿಕೆಯಿಂದ. ಎರಡು ಓಟಗಳ ನಡುವೆ ಒಂದನ್ನೇ ಬದಲಿಸಬೇಕು, ವಿಳಾಸಗಳು ಪ್ರತಿ ಸಲ ಅಲುಗಾಡದಂತೆ ಎಎಸ್‌ಎಲ್‌ಆರ್ (ವಿಳಾಸಗಳನ್ನು ಯಾದೃಚ್ಛಿಕವಾಗಿಸುವ ವ್ಯವಸ್ಥೆ) ನಿಷ್ಕ್ರಿಯವಾಗಿರಬೇಕು. ಆರಿಸುವ ಸಂಖ್ಯೆಗಳೂ ಬೇರೆಲ್ಲೂ ಸುಮ್ಮನೆ ಕಾಣಿಸಿಕೊಳ್ಳದಂಥವಾಗಿರಬೇಕು. ಕಿಟಕಿಯ ಗಾತ್ರ 256ಕ್ಕೆ 256 ಇದ್ದರೆ ಅಗಲ ಯಾವುದು, ಎತ್ತರ ಯಾವುದು ಎಂದೇ ತಿಳಿಯದು. 613ಕ್ಕೆ 345 ಇಟ್ಟಾಗ ಹೆಕ್ಸಾಡೆಸಿಮಲ್‌ನಲ್ಲಿ 01580264 ಎಂಬ ಪದ ಕಣ್ಣಿಗೆ ಬಿತ್ತು. 613 ಮತ್ತು 345 ಹೆಕ್ಸಾಡೆಸಿಮಲ್‌ನಲ್ಲಿ 265 ಮತ್ತು 159, ಹಾಗಾಗಿ ಅಗಲ 265, ಎತ್ತರ 159 ಆಗಬೇಕಿದ್ದ ಕಡೆ ಎರಡರಲ್ಲೂ ಒಂದೊಂದು ಕಡಿಮೆ. ಅಂದರೆ ಹಾರ್ಡ್‌ವೇರ್ ಗಾತ್ರದಿಂದ ಒಂದನ್ನು ಕಳೆದು, ತಲಾ 16 ಬಿಟ್‌ಗಳಲ್ಲಿ ಎತ್ತರವನ್ನು ಮೇಲೆ, ಅಗಲವನ್ನು ಕೆಳಗೆ ಇಡುತ್ತದೆ. ಹಿನ್ನೆಲೆ ಬಣ್ಣಕ್ಕೂ ಇದೇ ಉಪಾಯ: ಕೆಂಪು 0.2, ಹಸಿರು 0.4, ನೀಲಿ 0.6, ಆಲ್ಫಾ ಸೊನ್ನೆ ಕೊಟ್ಟರೆ 00996633 ಎಂದು ಸಿಕ್ಕಿತು, ಕೆಂಪು ಅತ್ಯಂತ ಕೆಳಗಿನ ಬೈಟ್ ಎಂದು ಆ ಒಂದು ಪದವೇ ಹೇಳಿತು.

ಈ ವಿಧಾನ ಎಲ್ಲೆಡೆ ನಡೆಯುವುದಿಲ್ಲ. ಲೈಬ್ರರಿ ಲಿಬ್‌ಸಿಯನ್ನು (ಈ ಕರೆಗಳಿರುವ ಮೂಲ ಲೈಬ್ರರಿಯನ್ನು) ಬದಿಗಿಟ್ಟು ನೇರವಾಗಿ ಕರ್ನಲ್‌ಗೆ ಸಿಸ್ಟಮ್ ಕಾಲ್ ಮಾಡಿದರೆ, ಒಂದು ಪ್ರೋಗ್ರಾಂ ಇನ್ನೊಂದನ್ನು ತಡೆದು ನೋಡಲು ಬಿಡುವ ಪಿಟ್ರೇಸ್ ಬೇಕಾಗುತ್ತದೆ. ಹೊಸ ಕೆಲಸ ಬಂದಿದೆಯೆಂದು ತಿಳಿಸುವ, ಮ್ಯಾಪ್ ಆದ ಡೋರ್‌ಬೆಲ್ ರಿಜಿಸ್ಟರ್‌ಗೆ ಬರೆದು ಕೆಲಸ ಒಪ್ಪಿಸುವ ಜಿಪಿಯುಗಳಲ್ಲಂತೂ ಆ ಕ್ಷಣದಲ್ಲಿ ಯಾವ ಕರೆಯೂ ಬರುವುದಿಲ್ಲ. ಆಗ ಎಂಪ್ರೊಟೆಕ್ಟ್ ಬಳಸಿ ಆ ಪುಟದ ಅನುಮತಿಯನ್ನು ಕಿತ್ತುಕೊಂಡು, ಬರೆಯಲು ಹೋದಾಗ ಏಳುವ ಸಿಗ್ನಲ್‌ನಲ್ಲಿ ದಾಖಲಿಸಬೇಕು. ಕರ್ನಲ್ ಭಾಗದ ರಿಜಿಸ್ಟರ್ ಬರಹಗಳಿಗೆ ಇದೇ ತತ್ತ್ವದ ಎಂಎಂಐಒಟ್ರೇಸ್ ಇದೆ. ಎನ್‌ವಿಡಿಯಾ ಚಿಪ್‌ಗಳಿಗೆ ಮುಕ್ತ ಡ್ರೈವರ್ ಬರೆದ ನೂವೋ ಯೋಜನೆಗೆ ನೆರವಾದ ಅದು 2008ರಲ್ಲಿ 2.6.27 ಆವೃತ್ತಿಯೊಡನೆ ಲಿನಕ್ಸ್‌ಗೆ ಸೇರಿತು.

ಹೋಲಿಕೆಯಿಂದ ಬಂದ ಊಹೆಯನ್ನು ನಾನು ಮರುಓಟದಲ್ಲಿ ಪರೀಕ್ಷಿಸುತ್ತೇನೆ. ದಾಖಲಾದ ಬಫರ್‌ಗಳನ್ನು ಅವೇ ಜಿಪಿಯು ವಿಳಾಸಗಳಲ್ಲಿ ಮತ್ತೆ ಇಟ್ಟು, ಮುಚ್ಚಿದ ಲೈಬ್ರರಿಯ ನೆರವಿಲ್ಲದೆ ಒಪ್ಪಿಸಿ, ಪ್ರತಿ ಸಲ ಒಂದೇ ಬಿಟ್ ತಿರುಗಿಸಿ ಚಿತ್ರ ಹೇಗೆ ಬದಲಾಯಿತೆಂದು ನೋಡುತ್ತೇನೆ. ಚಿತ್ರ ಬದಲಾಗದ ಬಿಟ್‌ಗಳಿಗೆ ಹೆಸರಿಡುವುದಿಲ್ಲ. ದಾಖಲೆಗಳಲ್ಲಿ ಕಂಡ ಬೆಲೆಯನ್ನೇ ನನ್ನ ಡ್ರೈವರ್ ಬರೆಯುವಂತೆ ಮಾಡಿ, ಅರ್ಥ ತಿಳಿದಿಲ್ಲವೆಂದು ಹೆಡರ್ ಕಡತದಲ್ಲಿ ಗುರುತು ಹಾಕಿಡುತ್ತೇನೆ.