ಪೊಲೀಸ್ ಇಂಟರ್ನ್‌ಶಿಪ್: ಮೇಜಿನ ಮುಂದೆ ಕೂತು ಕಲಿತದ್ದು

ಅಪರಾಧಶಾಸ್ತ್ರ ಓದುವ ಬಹಳ ಮಂದಿಗೆ ಪೊಲೀಸ್ ಇಂಟರ್ನ್‌ಶಿಪ್ ಅಂದರೆ ಗಸ್ತು, ವಿಚಾರಣೆ, ಸ್ಥಳ ಮಹಜರು. ನಾನು ಅರ್ಜಿಯಲ್ಲೇ ಅಪರಾಧ ವಿಶ್ಲೇಷಣಾ ವಿಭಾಗ ಬೇಕು ಎಂದು ಬರೆದೆ. ವಿದ್ಯಾರ್ಥಿಯನ್ನು ತನಿಖೆಯ ಹತ್ತಿರ ಬಿಟ್ಟುಕೊಳ್ಳಲು ಅಧಿಕಾರಿಗಳು ಹಿಂದೇಟು ಹಾಕುತ್ತಾರೆ, ಅದು ಸರಿಯೂ ಹೌದು. ಸಾಕ್ಷ್ಯ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ದಾಖಲೆಯಲ್ಲಿ ಇಂಟರ್ನ್ ಹೆಸರು ಕಂಡರೆ ಆರೋಪಿ ಪರ ವಕೀಲರು ಸುಮ್ಮನೆ ಬಿಡುತ್ತಾರೆಯೇ? ಸ್ಪ್ರೆಡ್‌ಶೀಟ್ ಮುಂದೆ ತಾಳ್ಮೆಯಿಂದ ಕೂರುವವರಿಗೆ ಮಾತ್ರ ಯಾವ ಕಚೇರಿಯಲ್ಲೂ ಜಾಗವಿರುತ್ತದೆ.

ಹಿನ್ನೆಲೆ ಪರಿಶೀಲನೆ ನಿಧಾನ. ಸೆಮಿಸ್ಟರ್‌ಗೆ ಬಹಳ ಮುಂಚೆಯೇ ಅರ್ಜಿ ಕೊಡಿ. ಗೋಪ್ಯತೆಗೆ ಮುಚ್ಚಳಿಕೆ ಬರೆದುಕೊಟ್ಟ ಮೇಲೆ, ಕಾಲೇಜಿನ ವರದಿಯಲ್ಲಿ ಏನೇನು ಹಾಕಬಹುದು ಎಂಬುದನ್ನು ಬರಹದಲ್ಲೇ ಕೇಳಿ ಪಡೆದೆ. ಹೆಸರು, ವಿಳಾಸ, ವಾಹನದ ನಂಬರು ಯಾವುದೂ ಇಲ್ಲದ ಒಟ್ಟು ಲೆಕ್ಕಕ್ಕೆ ಮಾತ್ರ ಒಪ್ಪಿದರು. ನನಗೆ ಅಷ್ಟು ಸಾಕಿತ್ತು.

ಕೊಟ್ಟ ಕೆಲಸ ಸೈಕಲ್ ಕಳವಿನ ದೂರುಗಳದ್ದು. ದಾಖಲೆಯ ಪ್ರಕಾರ ಕಳವು ಹೆಚ್ಚುತ್ತಿದ್ದದ್ದು ಸಂಜೆ ಐದರ ಮೇಲೆ, ಗಸ್ತು ಹಾಕುತ್ತಿದ್ದದ್ದೂ ಆಗಲೇ. ದೂರುಗಳನ್ನು ಒಂದೊಂದಾಗಿ ಓದುತ್ತಾ ಹೋದಾಗ ಸಂಗತಿ ಬೇರೆಯೇ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿ ಹೋದವರು ಸಂಜೆ ಐದಕ್ಕೆ ಬಂದು ನೋಡಿದರೆ ಸೈಕಲ್ ಇಲ್ಲ. ನಮೂನೆಯಲ್ಲಿ ಸಮಯಕ್ಕೆ ಇದ್ದದ್ದು ಒಂದೇ ಕಾಲಂ, ಬರೆದುಕೊಂಡವರು 'ಸಂಜೆ 5' ಎಂದು ತುಂಬಿದ್ದರು. ಅಂದರೆ ನಕ್ಷೆ ತೋರಿಸುತ್ತಿದ್ದದ್ದು ಕಳ್ಳನ ಸಮಯವನ್ನಲ್ಲ, ಜನ ಕೆಲಸ ಮುಗಿಸಿ ಹೊರಡುವ ಸಮಯವನ್ನು.

ಇದಕ್ಕೆ ರ‍್ಯಾಟ್‌ಕ್ಲಿಫ್ ಮತ್ತು ಮೆಕ್‌ಕಲ್ಲಾ ಎಂಬ ಸಂಶೋಧಕರು 1998ರಲ್ಲಿ ವಿವರಿಸಿದ 'ಏಯೊರಿಸ್ಟಿಕ್' ವಿಧಾನವಿದೆ. ಹೆಸರು ಭಾರಿ, ಲೆಕ್ಕ ಸರಳ: ಕಳವು ಆಗಿರಬಹುದಾದ ಎಲ್ಲ ಗಂಟೆಗಳಿಗೂ ಒಂದು ಕಳವನ್ನು ಸಮನಾಗಿ ಹಂಚುವುದು. ಒಂಬತ್ತರಿಂದ ಐದು ಎಂದರೆ ಎಂಟು ಗಂಟೆ, ಪ್ರತಿ ಗಂಟೆಗೂ 0.125. ಇನ್ನೊಬ್ಬರು ಮಧ್ಯಾಹ್ನ ಹನ್ನೆರಡಕ್ಕೆ ನಿಲ್ಲಿಸಿ ಎರಡಕ್ಕೆ ಬಂದು ನೋಡಿದ್ದರೆ ಆ ಎರಡು ಗಂಟೆಗೆ ತಲಾ 0.5. ಎರಡೂ ದೂರು ಸೇರಿಸಿದಾಗ ಹನ್ನೆರಡರಿಂದ ಎರಡರವರೆಗಿನ ಪ್ರತಿ ಗಂಟೆಗೆ 0.625 ಬಂತು, ಐದರಿಂದ ಆರಕ್ಕೆ ಸೊನ್ನೆ. ಎಲ್ಲ ದೂರುಗಳನ್ನೂ ಹೀಗೆ ಹಂಚಿದ ಮೇಲೆ ಸಂಜೆಯ ಗುಡ್ಡ ಕರಗಿ, ಮಧ್ಯಾಹ್ನದ ಕಡೆ ಏರು ಕಂಡಿತು. ಮೂರು ಸಂಗತಿ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಸೇರಿದಾಗ ಅಪರಾಧ ನಡೆಯುತ್ತದೆ ಎಂಬ ಕೋಹೆನ್ ಮತ್ತು ಫೆಲ್ಸನ್‌ರ 1979ರ ಸಿದ್ಧಾಂತವನ್ನು ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ: ಕದಿಯಲು ಮನಸ್ಸಿರುವವನು, ಸುಲಭಕ್ಕೆ ಸಿಗುವ ವಸ್ತು, ನೋಡಿಕೊಳ್ಳುವವರ ಗೈರು. ಈ ಮೂರೂ ಯಾವ ಗಂಟೆಗೆ ಕೂಡಿ ಬರುತ್ತವೆ ಎಂಬುದು ಅರ್ಥವಾದದ್ದು ಈ ಕೋಷ್ಟಕದಿಂದ.

ಮೇಲ್ವಿಚಾರಕಿ ಮೇಡಂ ಸುಲಭಕ್ಕೆ ಒಪ್ಪುವವರಲ್ಲ. "ಹಾಗಾದರೆ ಮಧ್ಯಾಹ್ನ ಗಸ್ತು ಹಾಕಿದರೆ ಮುಗೀತಾ?" ಎಂದರು. ಹಾಗೆನ್ನುವ ಧೈರ್ಯ ನನಗಿರಲಿಲ್ಲ. 1972-73ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಕೆಲವು ಬೀಟ್‌ಗಳಲ್ಲಿ ಮಾಮೂಲಿ ವಾಹನ ಗಸ್ತು ಹೆಚ್ಚಿಸಿ, ಕೆಲವೆಡೆ ತೆಗೆದೇ ಹಾಕಿ ನೋಡಿದಾಗ ಅಪರಾಧದಲ್ಲಿ ಗಮನಾರ್ಹ ವ್ಯತ್ಯಾಸ ಕಂಡಿರಲಿಲ್ಲ. ಗಸ್ತಿಗಿಂತ ಮೊದಲು ಸೈಕಲ್ ನಿಲ್ಲಿಸುವ ಜಾಗಗಳನ್ನೇ ನೋಡೋಣ ಎಂದೆ. ಒಬ್ಬ ಪೇದೆಯ ಜೊತೆ ಹೋಗಿ ನೋಡಿದರೆ, ದೂರು ಹೆಚ್ಚಿದ್ದ ಕಡೆ ಚಕ್ರವನ್ನಷ್ಟೇ ಹಿಡಿಯುವ ಸ್ಟ್ಯಾಂಡ್‌ಗಳು. ಚೌಕಟ್ಟಿಗೆ ಬೀಗ ಹಾಕಲು ಅಲ್ಲಿ ದಾರಿಯೇ ಇಲ್ಲ. ಚಕ್ರ ಬಿಚ್ಚಿಟ್ಟರೆ ಉಳಿದ ಸೈಕಲ್ ಕಳ್ಳನದು! ಇಂಟರ್ನ್‌ಶಿಪ್‌ನಲ್ಲಿ ನಾನು ಹೊರಗೆ ಹೋಗಿ ಮಾಡಿದ ಕೆಲಸ ಹೆಚ್ಚೂಕಡಿಮೆ ಇಷ್ಟೇ.

ವರದಿಯಲ್ಲಿ ಎರಡು ಶಿಫಾರಸು ಮಾಡಿದೆ: ಆ ಸ್ಟ್ಯಾಂಡ್‌ಗಳನ್ನು ಬದಲಿಸಬೇಕು, ನಮೂನೆಯಲ್ಲಿ 'ಕೊನೆಗೆ ನೋಡಿದ್ದು', 'ಇಲ್ಲವೆಂದು ತಿಳಿದದ್ದು' ಎಂದು ಎರಡು ಕಾಲಂ ಇರಬೇಕು. ಸ್ಟ್ಯಾಂಡ್ ವಿಷಯ ಬೇರೆ ಇಲಾಖೆಯದೆಂದು ಪತ್ರ ಬರೆದು ಸುಮ್ಮನಾದರು. ಕಾಲಂಗಳನ್ನು ಮಾತ್ರ ನಾನು ಅಲ್ಲಿರುವಾಗಲೇ ಸೇರಿಸಿದರು.