ಶೇಂಗಾ ಬುಡಕೊಳೆಗೆ ಟ್ರೈಕೋಡರ್ಮಾ: ಬಳಸುವ ಕ್ರಮ

ಗಿಡದ ಒಂದೊಂದೇ ಕೊಂಬೆ ಬಾಡುತ್ತಿದ್ದರೆ ಬುಡದ ಮಣ್ಣು ಸರಿಸಿ ನೋಡಿ. ಬಿಳಿ ಬೂಸ್ಟು, ಅದರಲ್ಲಿ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಂಡರೆ ಅದು ಬುಡಕೊಳೆ ತರುವ ಸ್ಕ್ಲೆರೋಷಿಯಂ ಶಿಲೀಂಧ್ರ. ಈ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ರೋಗ ಕಂಡ ಮೇಲೆ ಎಲೆಗೆ ಔಷಧಿ ಹೊಡೆದರೆ ದುಡ್ಡು ದಂಡ. ಕೆಲಸ ಬಿತ್ತನೆಗೆ ಮೊದಲೇ ಆಗಬೇಕು.

ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ, ಗುಂಡುಗಳು ಮಣ್ಣಿನಡಿ ಹೂತುಹೋಗಲಿ. ಬಿತ್ತನೆಗೆ ಹದಿನೈದು ದಿನ ಮುಂಚೆ ಎಕರೆಗೆ 1 ಕೆ.ಜಿ. ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ, ಜೀವಂತ ಉಪಕಾರಿ ಶಿಲೀಂಧ್ರ) ಪುಡಿಯನ್ನು 100 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗುಡ್ಡೆ ಹಾಕಿ ಗೋಣಿಚೀಲ ಮುಚ್ಚಿ. ಹಿಂಡಿದರೆ ನೀರು ತೊಟ್ಟಿಕ್ಕುವಷ್ಟು ತೇವ ಬೇಡ. ವಾರಕ್ಕೊಮ್ಮೆ ತಿರುವಿ. ಹಸಿ ಸಗಣಿ ಹಾಕಿದರೆ ಕಾವು ಏರಿ ಟ್ರೈಕೋಡರ್ಮಾವೇ ಸಾಯುತ್ತದೆ. ಸಿದ್ಧವಾದದ್ದನ್ನು ತೇವವಿರುವ ಮಣ್ಣಿಗೆ ಸಂಜೆ ಹೊತ್ತು ಎರಚಿ ಸೇರಿಸಿ.

ಬೀಜೋಪಚಾರಕ್ಕೆ ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಪುಡಿ ಸಾಕು. ಬೀಜದ ತೆಳು ಸಿಪ್ಪೆ ಸುಲಿಯದಂತೆ ಮೆಲ್ಲಗೆ ಹೊರಳಿಸಿ ನೆರಳಲ್ಲಿ ಆರಿಸಿ. ಕಾರ್ಬೆಂಡಜಿಮ್ ಎಂಬ ರಾಸಾಯನಿಕ ಶಿಲೀಂಧ್ರನಾಶಕ ಹಚ್ಚಿದ ಬೀಜಕ್ಕೆ ಇದನ್ನು ಹಚ್ಚಬೇಡಿ, ಅದು ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ. ಅಂಗಡಿಯಲ್ಲಿ ಪೊಟ್ಟಣದ ಕೊನೆ ದಿನಾಂಕ ನೋಡದೆ ಕೊಳ್ಳಲೇಬೇಡಿ; ಬಿಸಿಲಿಗಿಟ್ಟ ಪುಡಿ ಬರೀ ಪುಡಿ.

ಎಡೆಕುಂಟೆ ಹೊಡೆಯುವಾಗ ಕಾಂಡಕ್ಕೆ ಮಣ್ಣು, ಕಳೆ, ಉದುರಿದ ಎಲೆ ಒತ್ತದಿರಲಿ. ಶಿಲೀಂಧ್ರ ಮೊದಲು ಆ ಕೊಳೆತ ಕಸ ತಿಂದೇ ಕಾಂಡಕ್ಕೆ ಹತ್ತುವುದು. ರೋಗದ ಗಿಡಗಳನ್ನು ಬುಡದ ಮಣ್ಣಿನ ಸಮೇತ ಕಿತ್ತು ಸುಡಿ, ತಿಪ್ಪೆಗೆ ಹಾಕಬೇಡಿ. ಮುಂದಿನ ವರ್ಷ ಆ ತಾಕಿಗೆ ಜೋಳ ಅಥವಾ ಸಜ್ಜೆ ಬಿತ್ತಿ.