‘ಸಾಯ್ತೀನಿ’ ಅಂದಾಗ ಏನು ಕೇಳಬೇಕು, ಹೇಗೆ ಕೇಳಬೇಕು?

ಬೌದ್ಧಿಕ ಅಂಗವೈಕಲ್ಯ ಇರುವ ಹುಡುಗ ‘ನಾನು ಸಾಯ್ತೀನಿ’ ಅಂದರೆ, ‘ಅವನಿಗೇನು ಗೊತ್ತು, ಟಿವಿ ನೋಡಿ ಹೇಳ್ತಾನೆ’ ಅಂತ ಮನೆಯವರು ತಳ್ಳಿಹಾಕುತ್ತಾರೆ. ಈ ಮಕ್ಕಳಿಗೂ ಖಿನ್ನತೆ ಬರುತ್ತದೆ, ಸಾಯುವ ಯೋಚನೆಯೂ ಬರುತ್ತದೆ. ಅಪಾಯ ಎಷ್ಟೆಂದು ತೀರ್ಮಾನಿಸುವುದು ವೈದ್ಯರು. ಆದರೆ ಮಾತು ಮೊದಲು ಬೀಳುವುದು ಅಮ್ಮನ, ಟೀಚರ್ ಕಿವಿಗೆ ಅಲ್ವಾ?

ಮೊದಲು ಬದಲಾವಣೆ ಗಮನಿಸಿ. ದಿನಾ ಕಣದಲ್ಲಿ ಕಾಫಿ ಹರವುತ್ತಿದ್ದ ಹುಡುಗಿ ಮೂಲೆ ಹಿಡಿದರೆ ‘ಅವಳು ಇರೋದೇ ಹಾಗೆ’ ಅನ್ನಬೇಡಿ. ಅಜ್ಜಿ ತೀರಿಕೊಂಡರಾ, ವಿಶೇಷ ಶಾಲೆ ಬಿಟ್ಟಳಾ, ಯಾರಾದರೂ ಹಿಂಸೆ ಕೊಟ್ಟರಾ, ವಿಚಾರಿಸಿ.

ಆಮೇಲೆ ಕೇಳುವುದು. ಎಲ್ಲರೂ ಎಡವುವುದು ಇಲ್ಲೇ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ನಮ್ಮ ಕೊಡಗಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಯಾವುದು ಮನೆಮಾತೋ ಅದರಲ್ಲೇ ಕೇಳಿ. ಸ್ವಲ್ಪ ಹೊತ್ತು ಅಪ್ಪ ಅಮ್ಮ ಹೊರಗಿರಲಿ. ಸುತ್ತಿ ಬಳಸಬೇಡಿ. ‘ಸಾಯಬೇಕು ಅನ್ನಿಸುತ್ತಾ?’ ಅಷ್ಟೇ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ಇವರಲ್ಲಿ ಎಷ್ಟೋ ಮಂದಿ ದೊಡ್ಡವರು ಕೇಳಿದ್ದಕ್ಕೆಲ್ಲ ‘ಹೂಂ’ ಅಂತಾರೆ. ಹಾಗಾಗಿ ಸ್ವಲ್ಪ ಬಿಟ್ಟು ‘ಬದುಕಿರಬೇಕು ಅನ್ನಿಸುತ್ತಾ?’ ಅಂತಲೂ ಕೇಳಿ. ಅದಕ್ಕೂ ‘ಹೂಂ’ ಬಂದರೆ ಮೊದಲನೆಯದು ಸುಳ್ಳು ಅಂತಲ್ಲ, ಎರಡೂ ನಿಜ ಇರಬಹುದು. ಯಾವಾಗ ಅನ್ನಿಸಿತು, ಆಗ ಎಲ್ಲಿದ್ದೆ, ಅವರ ಬಾಯಲ್ಲೇ ಹೇಳಿಸಿ. ಚಿತ್ರ ಬರೆದು ತೋರಿಸಿದರೂ ಆಯಿತು. ‘ಎಷ್ಟು ವಾರದಿಂದ?’ ಅಂದರೆ ತಿಳಿಯದು. ‘ಹುತ್ತರಿ ಹಬ್ಬಕ್ಕೆ ಮುಂಚೆಯಾ, ಆಮೇಲಾ?’ ಅನ್ನಿ. ಹೇಗೆ ಅಂತ ಯೋಚಿಸಿದ್ದಾರಾ, ಹಿಂದೆ ಪ್ರಯತ್ನಿಸಿದ್ದರಾ, ಅದನ್ನೂ ಕೇಳಿ. ‘ಸತ್ತು ಅಜ್ಜಿ ನೋಡಿ ಸಂಜೆ ಬರ್ತೀನಿ’ ಅಂದರೆ ನಗಬೇಡಿ. ಸಾವು ಅರ್ಥವಾಗದಿದ್ದರೂ ಜೀವಕ್ಕೆ ಅಪಾಯ ಇದ್ದೇ ಇದೆ.

ಅಪಾಯ ಎಷ್ಟೆಂದು ಅಂಕ ಹಾಕುವ, ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಫಾರಂ ನನಗೆ ಆಗದು. ಅಂಕ ಕಮ್ಮಿ ಬಂತೆಂದು ಜನ ಸುಮ್ನೆ ಕೂತುಬಿಡುತ್ತಾರೆ. ‘ಇನ್ಮೇಲೆ ಹಾಗನ್ನಲ್ಲ’ ಅಂತ ಆಣೆ ಹಾಕಿಸುವುದೂ ದಂಡ, ಮುಂದಿನ ಸಲ ನಿಮಗೆ ಹೇಳುವುದಿಲ್ಲ ಅಷ್ಟೇ.

ಯೋಚನೆ ಇದೆ ಅನ್ನಿಸಿದರೆ ಒಬ್ಬರನ್ನೇ ಬಿಡಬೇಡಿ. ಅವತ್ತೇ ಕೋವಿಗೆ ಬೀಗ, ತೋಟಾ (ಗುಂಡು) ಬೇರೆ ಕಡೆ, ತೋಟಕ್ಕೆ ಹೊಡೆಯುವ ಔಷಧಿಯ ಸ್ಟೋರಿಗೂ ಬೀಗ. ಕೊಡವರಿಗೆ, ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವುದರಿಂದ ನಮ್ಮ ಮನೆಗಳಲ್ಲಿ ಇದು ಜಾಸ್ತಿ ಮುಖ್ಯ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪ್ರಯತ್ನ ಆಗಿಹೋಗಿದ್ದರೆ ‘ಕೇಸಾಗುತ್ತೆ’ ಅಂತ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ತೀವ್ರ ಒತ್ತಡವೆಂದೇ ನೋಡುತ್ತದೆ. ಮಡಿಕೇರಿ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗುವಾಗ ಮಗು ಆಡಿದ ಮಾತನ್ನು ತಿದ್ದದೆ, ಅದೇ ಭಾಷೆಯಲ್ಲಿ ಚೀಟಿಯಲ್ಲಿ ಬರೆದುಕೊಂಡು ಹೋಗಿ.